ಎರಡನೇ ಮಾಳಿಗೆಯ ಕುಚ್ಚಿನ ಗಿಡ

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರಬೇಕು. ಮುಂಬಯಿಯ ನಮ್ಮ ಫೋರ್ಟ್ ಆಫೀಸಿನಲ್ಲಿ ಒಬ್ಬರ ಕ್ಯಾಬಿನ್ ಕಂಡರೆ ಇನ್ನೊಬ್ಬರ ಹೊಟ್ಟೆ ಉರಿಯುತ್ತದೆ; ಅದು ಯಾರಿಗಾದರೂ ಅರ್ಥವಾಗುವ ಉರಿ. ದಹಿಸರ್‌ನಲ್ಲಿ ಲೋಕಲ್ ರೈಲು ಹತ್ತಿ ಚರ್ಚ್‌ಗೇಟಿನ ತನಕ ಒಂಟಿ ಕಾಲಿನ ಮೇಲೆ ನಿಲ್ಲುವವನಿಗೆ, ಬೋರಿವಲಿಯಿಂದ ಕಿಟಕಿ ಪಕ್ಕ ಕೂತು ನಿದ್ದೆ ಹೊಡೆಯುತ್ತ ಬರುವವನ ಮೇಲೆ ಉರಿಯುತ್ತದೆ. ಆ ಉರಿಯನ್ನು ದೇವರೂ ಕ್ಷಮಿಸುತ್ತಾನೆ. ಒಬ್ಬರಿಗೆ ಕಾರು, ಒಬ್ಬರಿಗೆ ಸಂಬಂಧಿಕರ ಫ್ಲ್ಯಾಟು, ಒಬ್ಬರಿಗೆ ಪಕ್ಕದ ಮನೆಯ ಮಗುವಿನ ಮಾರ್ಕ್ಸು. ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಲು ನನಗೇ ನಾಚಿಕೆ. ನಾನು ಕಳೆದೊಂದು ವರ್ಷದಿಂದ ಉರಿದುಕೊಂಡದ್ದು ಒಂದು ಗಿಡಕ್ಕೆ. ಅದೂ ಹೂ ಬಿಡದ, ಕಾಯಿ ಕಟ್ಟದ, ವಾಸನೆ ಎಂಬುದೇ ಇಲ್ಲದ, ಬುಟ್ಟಿಯಿಂದ ತಲೆಕೆಳಗಾಗಿ ಜೋತುಬೀಳುವುದನ್ನು ಬಿಟ್ಟರೆ ಬೇರಾವ ಉದ್ಯೋಗವೂ ಇಲ್ಲದ ಗಿಡ. ಗುಲಾಬಿಯಾಗಿದ್ದರೆ ಹೇಳಿಕೊಳ್ಳಬಹುದಿತ್ತು.

ಆ ಗಿಡ ನಮ್ಮ ಕೆಳಗಿನ ಮನೆಯ ಸದಾನಂದ ಬಂಗೇರರದ್ದು. ನಾವು ಮೂರನೇ ಮಾಳಿಗೆ, ಅವರು ಎರಡನೆಯದು. ನಮ್ಮ ಬೆಡ್‌ರೂಮಿನ ಕಿಟಕಿಯ ಸರಿ ಕೆಳಗೆ ಅವರ ಬೆಡ್‌ರೂಮಿನ ಕಿಟಕಿ, ಅದಕ್ಕೊಂದು ಹೊರಚಾಚಿದ ಗ್ರಿಲ್ಲು, ಗ್ರಿಲ್ಲಿನ ನಡುವೆ ಆ ಗಿಡ. ಇಂಗ್ಲಿಷಿನಲ್ಲಿ ಇದನ್ನು ಕ್ಲಬ್‌ಮಾಸ್ ಎನ್ನುತ್ತಾರೆ. ಹೆಸರಿನಲ್ಲಿ ಪಾಚಿ ಇದ್ದರೂ ಇದು ಪಾಚಿಯಲ್ಲ. ನರ್ಸರಿಯವರು ಫರ್ನ್ ಎಂದು ಮಾರುತ್ತಾರೆ, ಅದೂ ಅಲ್ಲ. ನೋಡಲು ಮಾತ್ರ, ನಮ್ಮ ಕಡೆ ಹೆಣ್ಣುಮಕ್ಕಳು ಜಡೆಯ ತುದಿಗೆ ಕಟ್ಟುವ ಕುಚ್ಚುಗಳಿವೆಯಲ್ಲ, ಅಂಥ ಹಸಿರು ಕುಚ್ಚುಗಳನ್ನು ಒಂದು ಹಿಡಿ ತೆಗೆದುಕೊಂಡು ಬುಟ್ಟಿಯಿಂದ ಇಳಿಬಿಟ್ಟ ಹಾಗೆ. ನನ್ನ ಹೆಂಡತಿ ಶಾಂತಾ ಮೊದಲ ದಿನವೇ ಅದಕ್ಕೆ ಕುಚ್ಚಿನ ಗಿಡ ಎಂದು ಹೆಸರಿಟ್ಟಳು. ಬಂಗೇರರು ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಕೇಳಿದವರಿಗೆಲ್ಲ ಒಂದು ದಿನ "ಅದೊಂದು ಜಾತಿಯ ಹುಲ್ಲು" ಎನ್ನುತ್ತಿದ್ದರು, ಇನ್ನೊಂದು ದಿನ "ಎಂತದೋ ಬಳ್ಳಿ" ಎನ್ನುತ್ತಿದ್ದರು. ನನಗೆ ಮೊದಲು ಕಿಚ್ಚು ಹತ್ತಿದ್ದು ಅಲ್ಲಿಯೇ. ಏಕೆಂದರೆ ಆ ಗಿಡದ ಹೆಸರು, ಕುಲ, ಗೋತ್ರ, ವಂಶಾವಳಿ ಎಲ್ಲ ನನಗೆ ಗೊತ್ತು. ನಾನು ಬಾಟನಿಯಲ್ಲಿ ಬಿಎಸ್ಸಿ.

ಪದವೀಧರ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಪಡುವವರ ಮನೆಯಲ್ಲಿ ಅಜ್ಜನೂ ಪದವೀಧರನಾಗಿರುತ್ತಾನೆ. ನಮ್ಮ ಬಡಿಗೇರರ ಮನೆತನದಲ್ಲಿ ಅಂಥ ಅಪಾಯ ನನಗಿಂತ ಮೊದಲು ಯಾರಿಗೂ ಒದಗಿರಲಿಲ್ಲ. ಅಪ್ಪ ವಿಜಯಪುರದ ಕಡೆಯಿಂದ ಬಂದು ಗೋರೆಗಾಂವ್‌ನಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಸೆಂಟ್ರಿಂಗ್ ಕೆಲಸ ಮಾಡಿದವನು. ಸ್ಲ್ಯಾಬಿನ ಕೆಳಗೆ ಹಲಗೆ ಹೊಡೆಯುವುದು, ಸ್ಲ್ಯಾಬು ಗಟ್ಟಿಯಾದ ಮೇಲೆ ಹಲಗೆ ಬಿಚ್ಚುವುದು. ನಾನು ಕನ್ನಡ ಶಾಲೆಯಲ್ಲಿ ಓದಿ, ಕಾಲೇಜಿನಲ್ಲಿ ಇಂಗ್ಲಿಷ್ ಕೇಳಿ ಬೆವೆತು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದೊಂದು ಪುಟವನ್ನೂ ಗುದ್ದಾಡಿ ಪಾಸಾದವನು. ಡಿಗ್ರಿ ಬಂದಾಗ ಅಪ್ಪ ಯಾರದೋ ಬಾಗಿಲಿನ ಕೆಲಸದಲ್ಲಿ ಉಳಿದ ಸಾಗುವಾನಿ ತುಂಡುಗಳಿಂದ ತಾನೇ ಚೌಕಟ್ಟು ಮಾಡಿದ. ಚೌಕಟ್ಟು ಎಷ್ಟು ಭಾರವಾಯಿತೆಂದರೆ ನಾವಿದ್ದ ಚಾಳಿನ ಒಂದೇ ಕೋಣೆಯ ಮನೆಯ ಗೋಡೆ ಅದನ್ನು ಹೊರಲಿಲ್ಲ. ಮೇಲಿನ ತೊಲೆಗೆ ನೇತುಹಾಕಿದೆವು. ಅದರ ಕೆಳಗೆ ನಿಂತು ಅಪ್ಪ ಬಂದವರಿಗೆಲ್ಲ "ನಮ್ಮ ಬಸು ಗಿಡದಾಗ ಬಿಎಸ್ಸಿ ಆಗ್ಯಾನ" ಎನ್ನುತ್ತಿದ್ದ. ಮರುದಿನದಿಂದ ಚಾಳಿನ ಹೆಂಗಸರು ಬಾಡಿದ ತುಳಸಿ ಕುಂಡಗಳನ್ನು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬರತೊಡಗಿದರು. ನಾನು ಎಲೆ ತಿರುಗಿಸಿ ನೋಡಿ, ಗಂಭೀರವಾಗಿ "ಬಿಸಿಲು ಸಾಲದು" ಎನ್ನುತ್ತಿದ್ದೆ. ಚಾಳಿನಲ್ಲಿ ಯಾವುದಕ್ಕೂ ಬಿಸಿಲು ಸಾಲುತ್ತಿರಲಿಲ್ಲವಾದ್ದರಿಂದ ನನ್ನ ರೋಗನಿದಾನ ಒಮ್ಮೆಯೂ ತಪ್ಪಲಿಲ್ಲ. ಆಮೇಲೆ ಆ ಬಿಎಸ್ಸಿ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟದ್ದು ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ. ಅಲ್ಲಿರುವ ಒಂದೇ ಗಿಡ ಪ್ಲಾಸ್ಟಿಕ್ಕಿನದು.

ಈ ಕ್ಲಬ್‌ಮಾಸ್ ನನ್ನ ಮಟ್ಟಿಗೆ ಬರೀ ಗಿಡವಲ್ಲ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದೇ ಇದು. ಡೈನೊಸಾರ್‌ಗಳು ಹುಟ್ಟುವ ಮುಂಚೆ ಇದರ ಬಳಗದವರು ಮರಗಳಾಗಿ ಆಕಾಶಕ್ಕೆ ನಿಂತಿದ್ದರು, ಬಿದ್ದು ಹೂತು ಕಲ್ಲಿದ್ದಲಾದರು, ಉಳಿದವರು ಕುಗ್ಗಿ ಕುಗ್ಗಿ ಹೀಗಾದರು. ಇದಕ್ಕೆ ಬೀಜವಿಲ್ಲ, ಹಳದಿ ಪುಡಿ ಇರುತ್ತದೆ. ಆ ಪುಡಿಯನ್ನು ದೀಪದ ಮೇಲೆ ಎರಚಿದರೆ ಭಗ್ಗನೆ ಹೊತ್ತುತ್ತದೆ. ನಮ್ಮ ಪ್ರೊಫೆಸರು ಲ್ಯಾಬಿನಲ್ಲಿ ಎರಚಿ ತೋರಿಸಿ ತಮ್ಮ ಹುಬ್ಬನ್ನು ಸ್ವಲ್ಪ ಸುಟ್ಟುಕೊಂಡಿದ್ದರು. ಇದನ್ನೆಲ್ಲ ನಾನು ಮನೆಯಲ್ಲಿ ಹಲವು ಸಲ ಹೇಳಿದ್ದೇನೆ. ಶಾಂತಾಗೆ ಯಾವ ವಾಕ್ಯದ ನಂತರ ಯಾವುದು ಬರುತ್ತದೆಂದು ಗೊತ್ತು. "ಹುಬ್ಬು ಸುಟ್ಟೂ ಅಂದ್ರ ಕೈ ತೊಳ್ಕೊಂಡ ಬರ್ರಿ, ರೊಟ್ಟಿ ಆರ್ತಾವ" ಎನ್ನುತ್ತಾಳೆ. ಆದರೆ ಒಂದು ಮಾತು ನಾನು ಯಾರಿಗೂ ಹೇಳಿರಲಿಲ್ಲ. ಈ ಗಿಡವನ್ನು ನಾನು ನೋಡಿದ್ದು ಬಾಟಲಿಯಲ್ಲಿ ಮಾತ್ರ. ಔಷಧದ ನೀರಿನಲ್ಲಿ ತೇಲುತ್ತ, ಬಣ್ಣ ಹೋಗಿ, ಮೂಲಂಗಿಯಂತೆ ಬಿಳಿಚಿಕೊಂಡದ್ದು. ಹಸಿರಾಗಿ, ಜೀವಂತವಾಗಿ ಮೊದಲ ಸಲ ಕಂಡದ್ದು ಬಂಗೇರರ ಗ್ರಿಲ್ಲಿನಲ್ಲಿ. ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಾಗ ಅವರಿಗೆ ಅದನ್ನು ಉಡುಗೊರೆಯಾಗಿ ಕೊಟ್ಟಿದ್ದರಂತೆ. ನಾನು ಎರಡೆರಡು ಪೆನ್ಸಿಲ್ ಮುರಿದು ಅಂದವಾಗಿ ಚಿತ್ರ ಬರೆದ ಗಿಡ, ಟೂರಿಸ್ಟ್ ಬಸ್ಸುಗಳ ಬುಕಿಂಗ್ ಮಾಡಿ ನಿವೃತ್ತರಾದ ಬಂಗೇರರ ಮನೆಗೆ ಲಾಡಿನ ಜೊತೆ ಬಂದಿತ್ತು.

ಬಂಗೇರರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕರೆ "ಬಡಿಗೇರ್ರೆ, ಎಂತ ಬಳಲಿದ್ದೀರಿ, ಚಾ ಕುಡ್ದು ಹೋಗಿ" ಎನ್ನುವ ಮನುಷ್ಯ. ಒಂದು ದಿನ ನಾನು ಸಹಜವಾಗಿ ಕೇಳುವವನಂತೆ, "ನಿಮ್ಮ ಗಿಡಕ್ಕೆ ಏನು ಹಾಕುತ್ತೀರಿ?" ಎಂದೆ.

"ಅದಕ್ಕೆ ಎಂತ ಹಾಕ್ಲಿಕ್ಕುಂಟು ಮಾರಾಯ್ರೆ? ನೇತು ಹಾಕಿದ್ದೇವೆ. ಅದರಷ್ಟಕ್ಕೆ ಇರ್ತದೆ."

"ಗೊಬ್ಬರ?"

"ಇಲ್ಲ."

"ನೀರು ಎಷ್ಟು ಹೊತ್ತಿಗೊಮ್ಮೆ?"

"ನೀರು ನಾವು ಹಾಕುದೇ ಇಲ್ಲ."

ಇಷ್ಟು ನೇರವಾಗಿ ಸುಳ್ಳು ಹೇಳುವ ಮನುಷ್ಯನನ್ನು ನಾನು ವಿಮಾ ಕ್ಲೇಮುಗಳ ವಿಭಾಗದಲ್ಲೂ ಕಂಡಿರಲಿಲ್ಲ. ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ತೀರ್ಮಾನಿಸಿ, ನನ್ನ ಗಿಡವನ್ನು ನಾನೇ ಬೆಳೆಸುತ್ತೇನೆ ಎಂದು ಹೊರಟೆ. ಗೋರೆಗಾಂವ್ ಪೂರ್ವದ ನರ್ಸರಿಯೊಂದರಲ್ಲಿ ಸಿಕ್ಕಿತು. ತಂದ ಸಂಭ್ರಮವನ್ನು ಸ್ವಲ್ಪ ಹೇಳಲೇಬೇಕು. ಸಂಜೆಯ ಲೋಕಲ್‌ನಲ್ಲಿ ಕುಚ್ಚಿನ ಗಿಡವನ್ನು ಎಲ್ಲಿಡುತ್ತೀರಿ? ಕೆಳಗಿಟ್ಟರೆ ತುಳಿತ, ಮೇಲಿನ ರ‍್ಯಾಕಿನಲ್ಲಿ ಬ್ಯಾಗುಗಳ ಗುಡ್ಡ. ಕೊನೆಗೆ ನಿಂತವರು ಹಿಡಿದುಕೊಳ್ಳುವ ಹಿಡಿಕೆಗೇ ಬುಟ್ಟಿ ನೇತುಹಾಕಿದೆ. ಕುಚ್ಚುಗಳು ಕೆಳಗೆ ಕೂತವರೊಬ್ಬರ ಬೋಳುತಲೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು. ಅವರು ಎರಡು ಸಲ ನೊಣ ಓಡಿಸಿದರು, ಮೂರನೆಯ ಸಲ ತಲೆ ಎತ್ತಿ ನೋಡಿ "ಭಾಯ್‌ಸಾಬ್, ಯೇ ಕೌನ್‌ಸೀ ಭಾಜಿ ಹೈ?" ಎಂದು ಇದು ಯಾವ ಸೊಪ್ಪೆಂದು ಕೇಳಿದರು. ನಾನು ಕಲ್ಲಿದ್ದಲಿನಿಂದ ಆರಂಭಿಸಿ ವಿವರಿಸಿದೆ. ಕಾಂದಿವಲಿ ಬರುವ ಹೊತ್ತಿಗೆ ನನ್ನ ಸುತ್ತ ನಿಲ್ಲಲು ಸಾಕಷ್ಟು ಜಾಗವಾಗಿತ್ತು. ಆ ಗಾಡಿಯಲ್ಲಿ ಬಾಟನಿಯಿಂದ ನನಗೆ ಸಿಕ್ಕ ಪ್ರಯೋಜನ ಅದೊಂದೇ.

ಗಿಡಕ್ಕೆ ಬೇಕಾದ್ದನ್ನೆಲ್ಲ ಮಾಡಿದೆ. ಹಾಲ್‌ನ ಕಿಟಕಿಯ ಗ್ರಿಲ್ಲಿಗೆ ಬಿಸಿಲು ಚೆನ್ನಾಗಿ ಬರುತ್ತದೆ. ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸುತ್ತವೆಂದು ಬಲ್ಲವನಾದ್ದರಿಂದ ಅಲ್ಲೇ ಕಟ್ಟಿದೆ. ಕೆಂಪು ಮಣ್ಣು, ಸೆಗಣಿ ಗೊಬ್ಬರ, ಬೇವಿನ ಹಿಂಡಿ ಹದವಾಗಿ ಬೆರೆಸಿದೆ. ಮುನ್ಸಿಪಾಲಿಟಿ ನೀರನ್ನು, ಕ್ಲೋರಿನ್ ಹಾಕಿ ಶುದ್ಧ ಮಾಡಿದ್ದು ಎಂಬ ಭಕ್ತಿಯಿಂದ, ಎರಡು ಹೊತ್ತು ಎರೆದೆ. ಮೊದಲು ಕುಚ್ಚುಗಳ ತುದಿ ಕಂದಾಯಿತು, ಆಮೇಲೆ ನಡು, ಆಮೇಲೆ ಬುಡ. ನಾನು ಗೊಬ್ಬರ ಹೆಚ್ಚಿಸಿದೆ. ಈಗ ಯೋಚಿಸಿದರೆ ಅನ್ನಿಸುತ್ತದೆ, ತಪ್ಪು ನನ್ನದೂ ಅಲ್ಲ, ಗಿಡದ್ದೂ ಅಲ್ಲ. ನಮ್ಮ ಪಠ್ಯದಲ್ಲಿ ಈ ಗಿಡ ಹೇಗೆ ಹುಟ್ಟುತ್ತದೆ ಎಂಬುದಿತ್ತು, ಹೇಗೆ ಸತ್ತು ಕಲ್ಲಿದ್ದಲಾಯಿತು ಎಂಬುದಿತ್ತು. ನಡುವೆ ಬದುಕಿಸುವುದು ಹೇಗೆ ಎಂಬುದು ಸಿಲೆಬಸ್ಸಿನಲ್ಲಿರಲಿಲ್ಲ. ನನ್ನ ಗಿಡ ಸಿಲೆಬಸ್ಸಿನಂತೆಯೇ ನಡೆದುಕೊಂಡಿತು.

ಮಗಳು ಪಲ್ಲವಿ ಕಾಲೇಜಿನಿಂದ ಬಂದವಳು ಗ್ರಿಲ್ಲು ನೋಡಿ, "ಪಪ್ಪಾ, ನಿಮ್ದು ತೋ ಪೂರಾ ಸೂಖ್ ಗಯಾ. ಬಂಗೇರ ಅಂಕಲ್‌ದು ನೋಡಿ, ಕಿತ್ನಾ ಲಂಬಾ ಆಗಿದೆ" ಎಂದಳು. ಅವಳ ಕನ್ನಡ ಅಲ್ಲಲ್ಲಿ ಇಳಿದು ಬೇರೆ ಗಾಡಿ ಹತ್ತಿ ಬರುತ್ತದೆ, ಆದರೆ ಚುಚ್ಚಬೇಕಾದ ಜಾಗಕ್ಕೆ ಸರಿಯಾಗಿ ತಲುಪುತ್ತದೆ. ಶಾಂತಾ ಅಡಿಗೆಮನೆಯಿಂದಲೇ, "ಸುಮ್ನಿರ ಪಲ್ಲವಿ. ನಿಮ್ಮಪ್ಪಗ ಒಣಗಿದ್ದ ಬೇಕಿತ್ತೇನೋ, ಬಾಟಲಿಯೊಳಗ ಹಾಕಾಕ" ಎಂದಳು. ನಾನು ಪಲ್ಲವಿಯ ಸೆಲ್ಫಿ ಸ್ಟಿಕ್ ಕೇಳಿ ಇಸಿದುಕೊಂಡೆ.

ಸೆಲ್ಫಿ ಸ್ಟಿಕ್ಕನ್ನು ಮೊಬೈಲ್ ಸಮೇತ ಬೆಡ್‌ರೂಮಿನ ಕಿಟಕಿಯಿಂದ ಕೆಳಕ್ಕೆ ಚಾಚಿದರೆ ಬಂಗೇರರ ಗ್ರಿಲ್ಲು ಚೆನ್ನಾಗಿ ಕಾಣುತ್ತದೆ. ದಿನವೂ ಬೆಳಿಗ್ಗೆ ಸ್ನಾನಕ್ಕೆ ಮೊದಲು ಒಂದು ಫೋಟೊ. ಕುಚ್ಚು ಮೊನ್ನೆ ಗ್ರಿಲ್ಲಿನ ಅಡ್ಡಪಟ್ಟಿಯ ತನಕ ಇತ್ತು, ಇಂದು ದಾಟಿದೆ. ತುದಿ ಎರಡಾಗಿ ಕವಲೊಡೆದಿದೆ. ಹಬ್ಬದ ದಿನ ಅಭ್ಯಂಜನ ಮಾಡಿ ಕೂತ ಹುಡುಗಿಯ ಕೂದಲಿನಂತೆ ಮಿರುಗುತ್ತಿದೆ. ನಾನು ಹಲ್ಲುಜ್ಜುತ್ತ ಆ ಫೋಟೊ ದೊಡ್ಡದು ಮಾಡಿ ನೋಡುವುದು, ಅಲ್ಲೊಂದು ಕಂದು ತುದಿ ಸಿಕ್ಕೀತೇ ಎಂದು ಹುಡುಕುವುದು. ಒಮ್ಮೆ ಸಿಕ್ಕಿತು. ಆ ದಿನ ಆಫೀಸಿನಲ್ಲಿ ನಾನು ಎಲ್ಲರೊಡನೆ ನಗುನಗುತ್ತ ಮಾತಾಡಿದೆನಂತೆ. ಮರುದಿನ ನೋಡಿದರೆ ಅದು ಗಿಡದ ಮೇಲೆ ಕೂತಿದ್ದ ಪಾರಿವಾಳದ ಪುಕ್ಕ.

ಮೇ ತಿಂಗಳಲ್ಲಿ ಬಂಗೇರ ದಂಪತಿ ಮದುವೆಗೆಂದು ಊರಿಗೆ ಹೋದರು. ಬೀಗದ ಕೈ ಶಾಂತಾಳ ಕೈಗೆ ಕೊಟ್ಟು ಜಯಂತಿಯಕ್ಕ, ಅಂದರೆ ಬಂಗೇರರ ಹೆಂಡತಿ, ಹೇಳಿದರು: "ತುಳಸಿಗೆ ಮಾತ್ರ ಒಂದು ಚೊಂಬು ಹಾಕಿ ಆಯ್ತಾ. ಆ ನೇತು ಹಾಕಿದ್ದಕ್ಕೆ ಎಂತದೂ ಬೇಡ." ಶಾಂತಾಳ ಬದಲು ನಾನೇ ಹೋದೆ. ಇಷ್ಟು ದಿನ ಮೊಬೈಲಿನ ಗಾಜಿನಲ್ಲಿ ಕಂಡ ವೈರಿ ಎದುರಿಗಿತ್ತು. ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿದೆ. ಒದ್ದೆ. ಮೇ ತಿಂಗಳ ಮುಂಬಯಿಯಲ್ಲಿ, ಮಾಲೀಕರು ಊರಲ್ಲಿಲ್ಲದಿರುವಾಗ, ಬುಟ್ಟಿ ತಣ್ಣಗೆ ಒದ್ದೆ. ಮರುದಿನ ಬೆಳಿಗ್ಗೆ ಹೋದೆ, ಮತ್ತೆ ಒದ್ದೆ. ಮನೆಗೆ ಬಂದು ಶಾಂತಾಗೆ ಹೇಳಿದೆ, "ಅವರು ಇನ್ನೊಂದು ಕೀಲಿ ಬೇರೆ ಯಾರಿಗೋ ಕೊಟ್ಟಿದ್ದಾರೆ. ಗಿಡಕ್ಕೆ ಅಂತಲೇ ಒಬ್ಬರನ್ನು ಗೊತ್ತು ಮಾಡಿದ್ದಾರೆ. ನಮ್ಮ ಮೇಲೆ ನಂಬಿಕೆ ಇಲ್ಲ."

"ನಂಬಿಕಿ ಇಲ್ಲಂದ್ರ ಕೀಲಿ ಯಾಕ ಕೊಡ್ತಿದ್ರು?" ಎಂದಳು ಶಾಂತಾ. "ನಿಮಗ ಹೊಟ್ಟಿಯೊಳಗ ಬ್ಯಾಸಗಿ ಹತ್ತೇತಿ. ಒಳಗ ಬರ್ರಿ, ಎಸಿ ಹಚ್ತೀನಿ." ಆ ಬೇಸಿಗೆಯಲ್ಲಿ ನಾವು ರಾತ್ರಿಯಿಡೀ ಎಸಿ ಹಾಕಿಕೊಂಡೇ ಮಲಗುತ್ತಿದ್ದೆವು.

ಇಷ್ಟೇ ಆಗಿದ್ದರೆ ನಾನು ಉರಿದು ಉರಿದು ಬೂದಿಯಾಗಿ ಸುಮ್ಮನಾಗುತ್ತಿದ್ದೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿಯವರು ಹಿಂದಿನ ಖಾಲಿ ಜಾಗದಲ್ಲಿ ತೋಟ ಮಾಡುವುದೆಂದು ನಿರ್ಧರಿಸಿದರು. ತೋಟಕ್ಕೊಬ್ಬ ಉಸ್ತುವಾರಿ ಬೇಕು, ಸರ್ವಸದಸ್ಯರ ಸಭೆಯಲ್ಲಿ ಆರಿಸುತ್ತೇವೆ ಎಂದು ಸೂಚನಾ ಫಲಕದಲ್ಲಿ ಹಾಕಿದರು. ಅದನ್ನು ಓದಿದವನು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. ಅಪ್ಪ ಈಗಿಲ್ಲ. ಸಾಗುವಾನಿ ಚೌಕಟ್ಟು ನಮ್ಮ ಈಗಿನ ಮನೆಯ ಹಾಲ್‌ನ ಕಾಂಕ್ರೀಟ್ ಗೋಡೆಯ ಮೇಲಿದೆ. ಈ ಗೋಡೆ ಅದನ್ನು ಹೊರುತ್ತದೆ. ಇಷ್ಟು ವರ್ಷ ನಾನು ಕಾರು ಗುದ್ದಿದವರ, ಅಂಗಡಿ ಸುಟ್ಟವರ ಕ್ಲೇಮು ನೋಡುತ್ತ ಕೂತೆ. ಗಿಡದಾಗ ಬಿಎಸ್ಸಿ ಆದವನಿಗೆ ಗಿಡದ ಕೆಲಸ ಜೀವನದಲ್ಲಿ ಮೊದಲ ಸಲ ಎದುರಿಗೆ ಬಂದು ನಿಂತಿತ್ತು. ಅದು ನನಗೆ ಬೇಕಿತ್ತು. ಪ್ರಮೋಷನ್ ಕೂಡ ನನಗೆ ಅಷ್ಟು ಬೇಕೆನ್ನಿಸಿರಲಿಲ್ಲ.

ಸಭೆ ಟೆರೇಸಿನ ಮೇಲೆ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಬಟಾಟೆವಡೆಯ ಸಾಕ್ಷಿಯಲ್ಲಿ ನಡೆಯಿತು. ನಮ್ಮ ಸಭೆಯ ಭಾಷೆ ಹಿಂದಿಯಲ್ಲಿ ಎದ್ದು ಮರಾಠಿಯಲ್ಲಿ ಕೂರುವಂಥದ್ದು. ನಾನು ಕನ್ನಡದಲ್ಲಿ ಹೇಳುತ್ತೇನೆ. ಸೆಕ್ರೆಟರಿ ಸಾವಂತ್ ನಿಯಮಗಳ ಮನುಷ್ಯ. ಮೊದಲು ಹಳೆಯ ನಿಯಮಗಳನ್ನು ಓದಿದರು: ಎಸಿಯ ನೀರನ್ನು ಹೊರಗೆ ತೊಟ್ಟಿಕ್ಕಿಸುವಂತಿಲ್ಲ, ಅದರ ಪೈಪನ್ನು ಕಡ್ಡಾಯವಾಗಿ ಗಟಾರಕ್ಕಿಳಿಯುವ ಕೊಳವೆಗೆ ಜೋಡಿಸಬೇಕು, ತಪ್ಪಿದವರು ಆ ವರ್ಷ ಸೊಸೈಟಿಯ ಯಾವ ಜವಾಬ್ದಾರಿಯನ್ನೂ ಹೊರುವಂತಿಲ್ಲ. ಈ ನಿಯಮ ಬಂದಾಗ ಎದ್ದು ನಿಂತು ಬೆಂಬಲಿಸಿದವನು ನಾನು. ಓದಿದವರೇ ನಿಯಮದ ಪರ ನಿಲ್ಲದಿದ್ದರೆ ಹೇಗೆ? ಆಮೇಲೆ ತೋಟದ ಮಾತು ಬಂತು. ನಾನು ಗಂಟಲು ಸರಿಪಡಿಸಿಕೊಳ್ಳುವುದರೊಳಗೆ ಮೊದಲ ಮಾಳಿಗೆಯ ಹೆಂಗಸೊಬ್ಬರು, "ಬಂಗೇರ್ ಸಾಹೇಬರನ್ನು ಮಾಡಿ. ಅವರ ಕಿಟಕಿಯ ಗಿಡ ನೋಡಿದ್ದೀರಾ? ಅವರ ಕೈಗುಣವೇ ಕೈಗುಣ" ಎಂದರು. ತಲೆಗಳು ಆಡಿದವು. ನನ್ನ ಪಕ್ಕದಲ್ಲಿದ್ದ ನಾಲ್ಕನೇ ಮಾಳಿಗೆಯ ಮಿಶ್ರಾಜಿ ವಡೆ ಮುಗಿಸಿ ಅದೇ ಕೈಯಿಂದ ಚಪ್ಪಾಳೆ ತಟ್ಟಿದರು.

ಬಂಗೇರರು ಎದ್ದು ನಿಂತು ಕೈ ಮುಗಿದರು. "ನನಗೆ ಗಿಡದ ವಿಷಯ ಎಂತದೂ ಗೊತ್ತಿಲ್ಲ. ಬಡಿಗೇರರು ಅದನ್ನೇ ಓದಿದವರು, ಅವರನ್ನು ಮಾಡಿ. ನನ್ನದು ಎಂತ ಕೈಗುಣ? ನಮ್ಮ ಗ್ರಿಲ್ಲಿನ ತಗಡಿನ ಮೇಲೆ ರಾತ್ರಿ ಇಡೀ ಮೇಲಿಂದ ನೀರು ಬೀಳ್ತದೆ, ಟಕ್ ಟಕ್ ಟಕ್. ಜಯಂತಿಗೆ ನಿದ್ದೆ ಇಲ್ಲ. ಸದ್ದು ಅಡಗ್ಲಿ ಅಂತ ನಡುವಲ್ಲಿ ಆ ಬುಟ್ಟಿ ನೇತು ಹಾಕಿದೆ. ನೀರು ಅದರ ಮೇಲೆ ಬೀಳ್ತದೆ, ಕುಚ್ಚಿನಲ್ಲಿ ಮೆಲ್ಲ ಇಳಿದು ಹೋಗ್ತದೆ. ಸದ್ದಿಲ್ಲ. ಅಷ್ಟೇ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಎರಡನೇ ಮಾಳಿಗೆಯ ಮೇಲೆ ಮೂರನೆಯದು. ಮೂರನೆಯದರಲ್ಲಿ ನಾನು. ನಮ್ಮ ಎಸಿಯ ಪೈಪು ಯಾವಾಗಲೋ ಕೊಳವೆಯಿಂದ ಕಳಚಿಕೊಂಡು ಸುಮ್ಮನೆ ತೊಟ್ಟಿಕ್ಕುತ್ತಿತ್ತು. ನನ್ನ ಸೆಲ್ಫಿ ಸ್ಟಿಕ್ಕಿನ ಕಣ್ಣು ಸದಾ ಕೆಳಗೇ ಇತ್ತು. ನನ್ನದೇ ಪೈಪು ಅದರ ಬೆನ್ನಿಗಿತ್ತು. ಎಸಿಯ ನೀರೆಂದರೆ ಗಾಳಿಯ ತೇವ ಹನಿಗಟ್ಟಿದ್ದು, ಹೆಚ್ಚು ಕಡಿಮೆ ಮಳೆನೀರಿನಂಥದ್ದು. ಉಪ್ಪಿಲ್ಲ, ಕ್ಲೋರಿನ್ ಇಲ್ಲ. ಮರದ ಕೊಂಬೆಗೆ ಅಂಟಿಕೊಂಡು, ನೆರಳಲ್ಲಿ, ಮಂಜು ಕುಡಿದು ಬದುಕುವ ಗಿಡಕ್ಕೆ ಅದಕ್ಕಿಂತ ಬೇರೆ ಅಮೃತ ಯಾವುದು? ಇದೆಲ್ಲ ನನ್ನ ತಲೆಯಲ್ಲಿ ದೀಪದ ಮೇಲೆ ಎರಚಿದ ಆ ಹಳದಿ ಪುಡಿಯಂತೆ ಭಗ್ಗೆಂದಿತು. ಬಂಗೇರರು ಸುಳ್ಳು ಹೇಳಿರಲಿಲ್ಲ. ಅವರು ನಿಜವಾಗಿಯೂ ನೀರು ಹಾಕುತ್ತಿರಲಿಲ್ಲ. ಹಾಕುತ್ತಿದ್ದವನು ನಾನು.

ಸಾವಂತ್ ಕನ್ನಡಕ ಸರಿಪಡಿಸಿಕೊಂಡರು. "ಮೇಲಿಂದ ನೀರು ಅಂದರೆ? ಯಾರ ನೀರು?"

ಬಂಗೇರರು ನನ್ನ ಕಡೆ ನೋಡಲಿಲ್ಲ. "ಯಾರದೋ ಇರ್ಬೇಕು. ಮಳೆಯದ್ದೂ ಇರ್ಬಹುದು" ಎಂದು ಕೂತುಬಿಟ್ಟರು. ಆ ಒಳ್ಳೆಯ ಮನುಷ್ಯ ನನ್ನನ್ನು ಉಳಿಸುತ್ತಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು, ತೋಟ ನನ್ನದಾಗುತ್ತಿತ್ತು. ಎದುರು ಸಾಲಿನಲ್ಲಿದ್ದ ಶಾಂತಾ ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ತಲೆಯಾಟದ ಅರ್ಥ ನನಗೆ ಗೊತ್ತು: ಬಾಯಿ ಮುಚ್ಚಿಕೊಂಡು ಕೂಡ್ರಿ.

ಕೂರುತ್ತಿದ್ದೆ. ಆದರೆ ಅಷ್ಟರಲ್ಲಿ ಮೊದಲ ಮಾಳಿಗೆಯ ಹೆಂಗಸು ಮತ್ತೆ, "ನೀರು ಎಲ್ಲರ ಗ್ರಿಲ್ಲಿನ ಮೇಲೂ ಬೀಳುತ್ತದೆ. ಗಿಡ ಇವರದ್ದೇ ಯಾಕೆ ಹೀಗೆ ಬಂತು? ಕೈಗುಣ, ಕೈಗುಣ" ಎಂದರು. ಒಂದು ವರ್ಷದ ಕಿಚ್ಚು ಕೂರಲು ಬಿಡಲಿಲ್ಲ. ನಾನು ಎದ್ದು ನಿಂತು, ಟೆರೇಸಿಗೆಲ್ಲ ಕೇಳುವಂತೆ, "ಅದು ನನ್ನ ನೀರು" ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಆ ಗಿಡವನ್ನು ವರ್ಷವಿಡೀ ಬೆಳೆಸಿದವನು ನಾನು, ಅದು ಹುಲ್ಲಲ್ಲ, ಬಳ್ಳಿಯಲ್ಲ, ಅದಕ್ಕೆ ಇಂಥದೇ ನೀರು ಬೇಕು, ಆ ನೀರು ಬರುವುದು ನನ್ನ ಎಸಿಯಿಂದ, ರಾತ್ರಿಯಿಡೀ, ಸಣ್ಣ ಹನಿಯಾಗಿ, ಇದನ್ನು ವಿಜ್ಞಾನ ಎನ್ನುತ್ತಾರೆ, ಕೈಗುಣವಲ್ಲ ಎಂದೆ. ಕಲ್ಲಿದ್ದಲನ್ನೂ ಹೇಳಿದೆ. ಪ್ರೊಫೆಸರ ಹುಬ್ಬಿನ ತನಕ ಬಂದಾಗ ಸಾವಂತರ ಪೆನ್ನಿನ ಸದ್ದು ಕೇಳಿಸಿತು. ಅವರು ಬರೆದುಕೊಳ್ಳುತ್ತಿದ್ದರು. ನನ್ನ ಭಾಷಣವನ್ನು ಒಬ್ಬರಾದರೂ ಬರೆದುಕೊಳ್ಳುತ್ತಿದ್ದಾರಲ್ಲ ಎಂದು ಒಂದು ಗಳಿಗೆ ಹೆಮ್ಮೆಯಾಯಿತು.

"ಬಡಿಗೇರ್ ಸಾಹೇಬ್," ಎಂದರು ಸಾವಂತ್, ಪೆನ್ನಿನ ಮುಚ್ಚಳ ಹಾಕುತ್ತ. "ಥ್ಯಾಂಕ್ಯೂ. ಪೈಪು ನಾಳೆಯೇ ಕೊಳವೆಗೆ ಜೋಡಿಸಿ." ಆಮೇಲೆ ಸಭೆಯ ಕಡೆ ತಿರುಗಿ, "ತೋಟಕ್ಕೆ ಬಂಗೇರ್ ಸಾಹೇಬರು. ಮುಂದಿನ ವಿಷಯ, ಲಿಫ್ಟು."

ಮೆಟ್ಟಿಲಿಳಿಯುವಾಗ ಶಾಂತಾ ಕೇಳಿದಳು, "ಸುಮ್ನ ಕುಂತಿದ್ರ ಏನ ಹೋಗ್ತಿತ್ರಿ?"

"ಗಿಡ ಬೆಳೆಸಿದ್ದು ನಾನೇ."

"ನೀವಲ್ಲ, ಎಸಿ" ಎಂದಳು. "ಅದೂ ನಾ ಹಚ್ಚಿದ್ದು."

ಪೈಪು ಜೋಡಿಸಿದ್ದಾಯಿತು. ನೀರು ಈಗ ಕಾನೂನಿನ ಪ್ರಕಾರ ಗಟಾರಕ್ಕೆ ಹೋಗುತ್ತಿತ್ತು. ಅಕ್ಟೋಬರ್ ಬಿಸಿಲಿಗೆ ಬಂಗೇರರ ಕುಚ್ಚುಗಳ ತುದಿ ಕಂದಾಗತೊಡಗಿತು. ಈ ಸಲ ಅದು ಪಾರಿವಾಳದ ಪುಕ್ಕವಲ್ಲ. ನಾನು ವರ್ಷವಿಡೀ ಹುಡುಕಿದ್ದು ಕೊನೆಗೂ ಫೋಟೊದಲ್ಲಿ ಸಿಕ್ಕಿತ್ತು. ಆದರೆ ವಿಚಿತ್ರ ನೋಡಿ, ನಗು ಬರಲಿಲ್ಲ. ಇಷ್ಟು ದಿನ ಅವರ ಗಿಡವಾಗಿದ್ದದ್ದು ಈಗ ನನ್ನ ಗಿಡವಾಗಿತ್ತು; ಅವರ ಮನೆಯಲ್ಲಿ ಸಾಯುತ್ತಿತ್ತು. ಒಂದು ಸಂಜೆ ಬಾಗಿಲ ಗಂಟೆ ಹೊಡೆಯಿತು. ಹೊರಗೆ ಬಂಗೇರರು, ಕೈಯಲ್ಲಿ ಖಾಲಿ ಬಾಟಲಿ.

"ನಳ್ಳಿ ನೀರು ಹಾಕಿ ನೋಡಿದೆ, ಒಪ್ಪುದಿಲ್ಲ ಅದು. ನಿಮ್ಮದೇ ಬೇಕಂತೆ. ಸ್ವಲ್ಪ ಕೊಡ್ತೀರಾ ಬಡಿಗೇರ್ರೆ? ತೋಟದ ಕೆಲಸವೂ ನೀವೇ ಹೇಳಿ, ನಾನು ಮಾಡಿಸ್ತೇನೆ. ಹೆಸರು ಮಾತ್ರ ನನ್ನದು."

ಅಂದಿನಿಂದ ಆಫೀಸಿನಿಂದ ಬಂದೊಡನೆ ನನ್ನ ಮೊದಲ ಕೆಲಸ, ಪೈಪಿನ ಬಾಯಿ ಬಿಚ್ಚಿ ಬಾಟಲಿ ತುಂಬಿಸುವುದು, ಒಂದು ಮಾಳಿಗೆ ಇಳಿದು ಆ ಕುಚ್ಚುಗಳ ನೆತ್ತಿಗೆ ಮೆಲ್ಲಗೆ ಎರೆಯುವುದು. ಥಂಡಿಯ ದಿನಗಳಲ್ಲೂ ನಮ್ಮ ಮನೆಯಲ್ಲಿ ಎಸಿ ನಡೆಯುತ್ತದೆ. ಶಾಂತಾ ಕೌದಿ ಹೊದ್ದು, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಕೂತು, ನಾನು ಬಾಟಲಿ ಹಿಡಿದು ಹೊರಟೊಡನೆ "ಡಾಕ್ಟರು ವಿಸಿಟಿಗೆ ಹೊಂಟ್ರು" ಎನ್ನುತ್ತಾಳೆ. ಗಿಡ ಚೇತರಿಸಿಕೊಂಡಿದೆ. ಹಿಂದಿನ ತೋಟವೂ ಚೆನ್ನಾಗಿ ಬಂದಿದೆ. ಸಂಜೆ ವಾಕಿಂಗಿಗೆ ಬಂದವರು ಕೆಳಗೆ ನಿಂತು ಎರಡನ್ನೂ ನೋಡುತ್ತಾರೆ. "ಬಂಗೇರರ ಕೈಗುಣ" ಎನ್ನುತ್ತಾರೆ.

ಬಂಗೇರರು ತಮ್ಮ ಗಿಡದ ಒಂದು ಕುಚ್ಚಿನ ತುದಿಯನ್ನು ಬುಟ್ಟಿಯ ನಾರಿಗೆ ಒತ್ತಿಟ್ಟು, ಬೇರು ಬಿಟ್ಟ ಮೇಲೆ ನನಗೆ ಕೊಟ್ಟರು. ಹಾಗೆ ಮಾಡಬೇಕೆಂದು ಹೇಳಿಕೊಟ್ಟವನು ನಾನೇ. ಬೇರು ಬಿಟ್ಟದ್ದು ಮಾತ್ರ ಅವರ ಕೈಯಲ್ಲಿ. ಅದನ್ನು ಈ ಸಲ ಬಿಸಿಲಿಲ್ಲದ ಬೆಡ್‌ರೂಮಿನ ಗ್ರಿಲ್ಲಿಗೆ ಕಟ್ಟಿದ್ದೇನೆ. ಗೊಬ್ಬರವಿಲ್ಲ, ಮಣ್ಣಿಲ್ಲ, ಅದೇ ಎಸಿಯ ನೀರು, ಅದೇ ಬಾಟಲಿ. ಗಿಡ ಸತ್ತಿಲ್ಲ. ಬೆಳೆದೂ ಇಲ್ಲ. ನನ್ನ ಮುಖ ನೋಡಿಕೊಂಡು ಇದ್ದಷ್ಟೇ ಇದೆ. ಬಹಳ ಯೋಚಿಸಿ ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ನೀರು ಎಸಿಯದ್ದಾದರೆ ಸಾಲದು. ಅದು ಮೇಲಿನವರ ಅಜ್ಞಾನದಿಂದ ಬೀಳಬೇಕು. ಬಿಎಸ್ಸಿ ಆದವನೊಬ್ಬ ಬಾಟಲಿ ಹಿಡಿದು ಎರೆದರೆ ಗಿಡಕ್ಕೆ ಸಂಶಯ ಬರುತ್ತದೆ.

ನಮ್ಮ ಮೇಲಿನ ಮನೆಯ ಮಿಶ್ರಾಜಿಗೆ ಇನ್ನೂ ಎಸಿ ಇಲ್ಲ. ಈಚೆಗೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನಾನೇ ಮಾತು ತೆಗೆಯುತ್ತೇನೆ. ಈ ವರ್ಷ ಸೆಕೆ ವಿಪರೀತವಂತೆ, ನಿಮ್ಮ ವಯಸ್ಸಿಗೆ ನಿದ್ದೆ ಮುಖ್ಯ, ಒಂದು ಎಸಿ ಹಾಕಿಸಿಬಿಡಿ ಎನ್ನುತ್ತೇನೆ. ಮಿಶ್ರಾಜಿ ನನ್ನ ಕಾಳಜಿಗೆ ಕರಗಿ ಹೋಗಿದ್ದಾರೆ. ನಿನ್ನೆ ಕೇಳಿದರು, ನೀರಿನ ಪೈಪು ಕೊಳವೆಗೆ ಜೋಡಿಸಲೇಬೇಕಲ್ಲವೇ, ಸಾವಂತ್ ಬಿಡುವುದಿಲ್ಲವಲ್ಲ ಎಂದು.

ನಾನು ಸುತ್ತ ನೋಡಿ, ದನಿ ತಗ್ಗಿಸಿ, "ಹೊರಗೇ ಬಿಡಿ ಮಿಶ್ರಾಜಿ. ಕೆಳಗಿರುವುದು ನಾನು ತಾನೇ? ನಾನೇನೂ ಹೇಳುವುದಿಲ್ಲ" ಎಂದೆ.